ಸೋತರೆ ಎಲ್ಲಿಗೆ? ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿ ಕಠಿಣ ಪಡೆ ಹುಡುಕುವವರ ಮುಂದಿರುವ ಲೆಕ್ಕ

ಸುಲಭದ ದಾರಿ ಬೇಡವೆಂದು ತೀರ್ಮಾನಿಸಿದ ಹದಿನೆಂಟರ ಹರೆಯಕ್ಕೆ ಅಮೆರಿಕದ ಸಶಸ್ತ್ರ ಪಡೆಗಳಲ್ಲಿ ಆರು ಬಾಗಿಲುಗಳಿವೆ: ಭೂಸೇನೆ, ನೌಕಾಪಡೆ, ಕಡಲಿನಿಂದ ದಡಕ್ಕಿಳಿದು ಕಾದುವ ಮರೀನ್ ಪಡೆ, ವಾಯುಪಡೆ, ಕರಾವಳಿ ಕಾವಲು ಪಡೆ ಮತ್ತು 2019ರ ಡಿಸೆಂಬರ್‌ನಲ್ಲಿ ಹುಟ್ಟಿದ ಬಾಹ್ಯಾಕಾಶ ಪಡೆ. 1973ರಲ್ಲಿ ಕಡ್ಡಾಯ ಸೇನಾ ಸೇವೆ ನಿಂತ ಮೇಲೆ ಅಲ್ಲಿ ಯಾರನ್ನೂ ಎಳೆದು ತಂದು ಸಮವಸ್ತ್ರ ತೊಡಿಸಿಲ್ಲ. ಹದಿನೇಳು ತುಂಬಿದವರು ಹೆತ್ತವರ ಸಹಿಯೊಂದಿಗೆ, ಹದಿನೆಂಟು ತುಂಬಿದವರು ತಮ್ಮದೇ ಸಹಿಯೊಂದಿಗೆ ತಾವಾಗಿ ಸೇರುತ್ತಾರೆ. ಕೆಲವರಿಗೆ ಕಾಲೇಜಿನ ಖರ್ಚು ಹೊಂದಿಸಬೇಕು, ಕೆಲವರಿಗೆ ಹುಟ್ಟಿದ ಊರು ಬಿಡಬೇಕು. ಇನ್ನು ಕೆಲವರು ತಮ್ಮನ್ನು ತಾವು ಒರೆಗೆ ಹಚ್ಚಿ ನೋಡಲೆಂದೇ ಬರುತ್ತಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಎಲ್ಲಕ್ಕಿಂತ ಕಷ್ಟದ ಪಡೆ ಯಾವುದು?

ಈ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರನ್ನು ನಾನು ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ಕಷ್ಟವನ್ನು ತಾನಾಗಿ ಅರಸಿಕೊಂಡು ಹೋಗುವ ಮನಸ್ಸು ಅಪರೂಪದ ಬಂಡವಾಳ. ಹಾಗಾಗಿಯೇ ಅದು ತಪ್ಪು ಜಾಗದಲ್ಲಿ ಖರ್ಚಾಗಬಾರದು. ಬಂಧುಬಳಗದಲ್ಲಿ, ಶಾಲೆಯ ಮೈದಾನದಲ್ಲಿ, ನೇಮಕಾತಿ ಕಚೇರಿಯಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ 'ಮರೀನ್ ಪಡೆ'. ಆ ಉತ್ತರದಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ಆಯ್ಕೆ ಮಾಡಿಕೊಂಡ ಕೆಲಸದಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಸಹಿ ಹಾಕುವ ಕರಾರಿನಲ್ಲಿದೆ.

ಮೊದಲು ಎಲ್ಲರೂ ಹೋಲಿಸುವ ಬೂಟ್ ಕ್ಯಾಂಪನ್ನೇ, ಅಂದರೆ ಹೊಸದಾಗಿ ಸೇರಿದವರ ಮೂಲ ತರಬೇತಿಯನ್ನೇ ನೋಡೋಣ. ಮರೀನ್ ಪಡೆಯಲ್ಲಿ ಅದು 13 ವಾರ, ಭೂಸೇನೆಯಲ್ಲಿ 10, ನೌಕಾಪಡೆಯಲ್ಲಿ 9, ಕರಾವಳಿ ಕಾವಲು ಪಡೆಯಲ್ಲಿ 8, ವಾಯುಪಡೆಯಲ್ಲಿ ಏಳೂವರೆ. ಬಾಹ್ಯಾಕಾಶ ಪಡೆಯವರು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ವಾಯುಪಡೆಯ ನೆಲೆಯಲ್ಲೇ ತರಬೇತಿ ಪಡೆಯುತ್ತಾರೆ. ಬರೀ ವಾರಗಳನ್ನು ಎಣಿಸಿದರೆ ಮರೀನ್ ಪಡೆಯೇ ಮುಂದು. ಅದರ ಕಸುವು ವಾರಗಳಲ್ಲಷ್ಟೇ ಇಲ್ಲ. ದಕ್ಷಿಣ ಕೆರೊಲಿನಾದ ಪ್ಯಾರಿಸ್ ದ್ವೀಪದಲ್ಲೋ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲೋ ಬಸ್ಸಿನಿಂದ ಇಳಿದ ಕ್ಷಣದಿಂದ ಆ ಹುಡುಗನನ್ನು ಯಾರೂ 'ಮರೀನ್' ಎಂದು ಕರೆಯುವುದಿಲ್ಲ. ಕೊನೆಯಲ್ಲಿ 54 ಗಂಟೆಗಳ 'ಕ್ರೂಸಿಬಲ್' ಎಂಬ ಪರೀಕ್ಷೆ ಬರುತ್ತದೆ. ಅರೆಹೊಟ್ಟೆ, ಅರೆನಿದ್ದೆ, ಬೆನ್ನ ಮೇಲೆ ಭಾರ, ಹತ್ತಾರು ಮೈಲಿ ನಡಿಗೆ. ಅದನ್ನು ದಾಟಿದ ಮೇಲೆ ಹದ್ದು, ಗೋಳ, ಲಂಗರಿನ ಲಾಂಛನ ಕೈಗೆ ಬರುತ್ತದೆ. ಆಗ ಮೊದಲ ಬಾರಿಗೆ ಆ ಹೆಸರಿನಿಂದ ಕರೆಯುತ್ತಾರೆ. 1996ರಲ್ಲಿ ಶುರುವಾದ ಈ ಕ್ರಮ ಈಗ ಆ ಪಡೆಯ ಗುರುತೇ ಆಗಿದೆ.

ಈ ಕಠಿಣತೆಗೆ ಕಹಿ ಚರಿತ್ರೆಯೂ ಇದೆ. 1956ರ ಏಪ್ರಿಲ್‌ನ ಒಂದು ರಾತ್ರಿ ಪ್ಯಾರಿಸ್ ದ್ವೀಪದಲ್ಲಿ ಹೊಸಬರನ್ನು ಪಳಗಿಸುವ ಒಬ್ಬ ಡ್ರಿಲ್ ಇನ್‌ಸ್ಟ್ರಕ್ಟರ್ ತನ್ನ ತುಕಡಿಗೆ ಶಿಸ್ತು ಕಲಿಸಲೆಂದು ಎಲ್ಲರನ್ನೂ ಉಬ್ಬರವಿಳಿತದ ತೊರೆಯೊಂದಕ್ಕೆ ಇಳಿಸಿದ. ರಿಬ್ಬನ್ ಕ್ರೀಕ್ ಎಂಬ ಆ ತೊರೆಯಲ್ಲಿ ಆರು ಮಂದಿ ಮುಳುಗಿ ಸತ್ತರು. ಆತ ಸೇನಾ ನ್ಯಾಯಾಲಯದ ಕಟಕಟೆ ಏರಿದ, ಡ್ರಿಲ್ ಇನ್‌ಸ್ಟ್ರಕ್ಟರ್‌ಗಳ ಮೇಲಿನ ನಿಗಾ ಬಿಗಿಯಾಯಿತು. ಕಠಿಣ ತರಬೇತಿಗೂ ಕ್ರೌರ್ಯಕ್ಕೂ ನಡುವೆ ಗೆರೆ ಎಳೆಯುವ ಕೆಲಸ ಅಂದಿನಿಂದ ಇಂದಿನವರೆಗೂ ನಡೆದೇ ಇದೆ.

ಆದರೂ ಬೂಟ್ ಕ್ಯಾಂಪ್ ಯಾವ ಪಡೆಯದೇ ಆಗಲಿ, ಅದು ಎಲ್ಲರಿಗೂ ಸಮಾನವಾದ ಹೊಸ್ತಿಲು. ಅಡುಗೆಯವನೂ ಅದನ್ನು ದಾಟಬೇಕು, ಗುಮಾಸ್ತನೂ ದಾಟಬೇಕು, ಟ್ಯಾಂಕ್ ರಿಪೇರಿ ಮಾಡುವವಳೂ ದಾಟಬೇಕು. ಹೋದವರಲ್ಲಿ ಬಹುಪಾಲು ಜನ ದಾಟುತ್ತಾರೆ ಕೂಡ, ಏಕೆಂದರೆ ದಾಟಿಸುವುದೇ ಅದರ ಉದ್ದೇಶ. ಹದಿಮೂರು ವಾರ ಕಳೆದು ಹೋಗುತ್ತವೆ. ಕರಾರು ಇರುವುದು ನಾಲ್ಕೋ ಆರೋ ವರ್ಷಕ್ಕೆ. ಹೊಸ್ತಿಲು ಎತ್ತರವಿದೆ ಎಂದು ಮನೆ ಆರಿಸಿಕೊಳ್ಳುವವರಿಲ್ಲ, ಆದರೆ ಸೇನೆಯ ವಿಷಯದಲ್ಲಿ ನೂರಾರು ಹದಿಹರೆಯದವರು ಹಾಗೆ ಆರಿಸಿಕೊಳ್ಳುತ್ತಾರೆ.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದ ಒಂದು ಹಳೆಯ ಪ್ರಯೋಗ ಸುಳಿವು ಕೊಡುತ್ತದೆ. 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಕಾಲೇಜು ವಿದ್ಯಾರ್ಥಿನಿಯರನ್ನು ಒಂದು ಚರ್ಚಾ ಗುಂಪಿಗೆ ಸೇರಿಸಿಕೊಂಡರು. ಕೆಲವರಿಗೆ ಪ್ರವೇಶ ಸುಲಭ, ಕೆಲವರಿಗೆ ಸಾಕಷ್ಟು ಮುಜುಗರದ ಪರೀಕ್ಷೆ. ಎಲ್ಲರಿಗೂ ಕೇಳಿಸಿದ್ದು ಒಂದೇ ನೀರಸ ಚರ್ಚೆ. ಹೆಚ್ಚು ಕಷ್ಟಪಟ್ಟು ಒಳಗೆ ಬಂದವರಿಗೆ ಅದೇ ಚರ್ಚೆ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಪಟ್ಟ ಪಾಡಿಗೆ ತಕ್ಕ ಬೆಲೆಯನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಮರೀನ್ ಪಡೆ ಈ ಗುಟ್ಟನ್ನು ಆ ಪ್ರಯೋಗಕ್ಕಿಂತ ಬಹಳ ಮೊದಲೇ ಬಲ್ಲದು. ಅದು ಸೌಲಭ್ಯಗಳ ಪಟ್ಟಿ ಹಿಡಿದು ಕರೆಯುವುದಕ್ಕಿಂತ ಹೆಚ್ಚಾಗಿ 'ನಿನ್ನಿಂದ ಆಗುತ್ತದೆಯೇ' ಎಂದು ಕೇಳಿ ಕರೆಯುತ್ತದೆ. 2022ರ ಆರ್ಥಿಕ ವರ್ಷದಲ್ಲಿ ಭೂಸೇನೆ ತನ್ನ ನೇಮಕಾತಿ ಗುರಿಗಿಂತ ಸುಮಾರು 15,000 ಮಂದಿಯಷ್ಟು ಹಿಂದೆ ಬಿತ್ತು. ಮರುವರ್ಷ ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಗುರಿ ತಪ್ಪಿದವು. ಮರೀನ್ ಪಡೆ ಗುರಿ ಮುಟ್ಟಿತು. ಗಾತ್ರದಲ್ಲಿ ಅದು ಚಿಕ್ಕ ಪಡೆ ಎಂಬುದನ್ನೂ ನೆನಪಿಡಬೇಕು. ಆದರೂ ಕಷ್ಟವನ್ನೇ ಮುಂದಿಟ್ಟು ಕರೆದವರ ಬಳಿಗೆ ಜನ ಹೋದರು ಎಂಬುದು ಗಮನಿಸಬೇಕಾದ ಸಂಗತಿ.

ಕಠಿಣತೆ ಜನರನ್ನು ಬೆಸೆಯುತ್ತದೆ, ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಪ್ರವೇಶದ ಕಷ್ಟ ನೋಡಿ ಒಳಗಿನ ಬದುಕನ್ನು ಅಳೆದವರಿಗೆ ಮುಂದೆ ನಿರಾಸೆ ಕಾದಿರುತ್ತದೆ. ಮೊದಲ ಅವಧಿ ಮುಗಿಸಿದ ಮರೀನ್‌ಗಳಲ್ಲಿ ಮುಕ್ಕಾಲು ಪಾಲು ಜನ ಹೊರಗೆ ಹೋಗುತ್ತಾರೆ ಎಂದು ಆ ಪಡೆಯೇ 2021ರಲ್ಲಿ ತನ್ನ ಸಿಬ್ಬಂದಿ ನೀತಿಯನ್ನು ವಿವರಿಸುವಾಗ ಹೇಳಿಕೊಂಡಿತು. ಅದರಲ್ಲಿ ಒಂದು ಭಾಗ ಪಡೆಯ ರಚನೆಯಿಂದಲೇ ಬಂದದ್ದು. ಅದು ಬೇಕೆಂದೇ ಎಳೆಯರ ಪಡೆ. ಇನ್ನೊಂದು ಭಾಗ, ನನ್ನ ಊಹೆಯಂತೆ, ಬ್ಯಾರಕ್ಸ್‌ನಲ್ಲಿ ನೆಲ ಒರೆಸುತ್ತಾ, ವಾಹನಗಳ ಎಣಿಕೆ ಮಾಡುತ್ತಾ, ಯಾರೋ ಬರುವವರೆಗೆ ಸಾಲಿನಲ್ಲಿ ನಿಂತು ಕಾಯುತ್ತಾ ಕಳೆದ ದಿನಗಳದ್ದು. ಶಾಂತಿಕಾಲದ ಸೇನೆಯಲ್ಲಿ ಅಂಥ ದಿನಗಳೇ ಹೆಚ್ಚು.

ಹಾಗಾದರೆ ನಿಜವಾದ ಕಷ್ಟ ಎಲ್ಲಿದೆ? ಪಡೆಯ ಹೆಸರು ಬಿಟ್ಟು ಕೆಲಸದ ಹೆಸರು ಹಿಡಿದು ಹುಡುಕಿದರೆ ಅದು ಆರೂ ಬಾಗಿಲುಗಳ ಹಿಂದೆ ಹರಡಿಕೊಂಡಿರುವುದು ಕಾಣುತ್ತದೆ, ಅದೂ ಬೇರೆ ಬೇರೆ ಬಗೆಯಲ್ಲಿ.

ನೌಕಾಪಡೆಯ ವಿಶೇಷ ಕಾರ್ಯಾಚರಣೆ ದಳವಾದ ಸೀಲ್‌ಗಳ ಹೆಸರು ಎಲ್ಲರಿಗೂ ಗೊತ್ತು. ಕ್ಯಾಲಿಫೋರ್ನಿಯಾದ ಕೊರೊನಾಡೊ ಕಡಲತೀರದಲ್ಲಿ ನಡೆಯುವ ಅವರ ಮೊದಲ ತರಬೇತಿಯಲ್ಲಿ 'ನರಕದ ವಾರ' ಎಂಬುದೊಂದಿದೆ. ಐದೂವರೆ ದಿನ, ಒಟ್ಟು ನಿದ್ದೆ ಸುಮಾರು ನಾಲ್ಕು ಗಂಟೆ, ಓಟ 200 ಮೈಲಿಗೂ ಹೆಚ್ಚು, ಮೈಮೇಲೆ ಸದಾ ತಣ್ಣನೆಯ ಸಮುದ್ರದ ನೀರು. ಸಾಕಾದವರು ಗಂಟೆ ಬಾರಿಸಿ ಹೊರನಡೆಯಬಹುದು. ಸೇರಿದವರಲ್ಲಿ ಹೆಚ್ಚಿನವರು ಕೊನೆ ಮುಟ್ಟುವುದಿಲ್ಲ. ಭೂಸೇನೆಯ ವಿಶೇಷ ದಾಳಿ ದಳವಾದ ರೇಂಜರ್ ರೆಜಿಮೆಂಟಿನ ಆಯ್ಕೆ ಎಂಟು ವಾರದ್ದು, ಅದಕ್ಕೆ ಮುಂಚೆ ಪದಾತಿ ದಳದ 22 ವಾರಗಳ ತರಬೇತಿ. ವಾಯುಪಡೆಯನ್ನು ಆರಾಮದ ಪಡೆ ಎಂದು ಕರೆಯುವವರು ಅದರ ಪ್ಯಾರಾರೆಸ್ಕ್ಯೂ ದಳವನ್ನು ನೋಡಿರಲಾರರು: ಧುಮುಕುಕೊಡೆ, ಆಳದ ಮುಳುಗು, ಬೆಟ್ಟ ಹತ್ತುವುದು, ಗಾಯಾಳುವಿಗೆ ತುರ್ತು ಚಿಕಿತ್ಸೆ, ಇವೆಲ್ಲವನ್ನೂ ಕಲಿಯಲು ಸುಮಾರು ಎರಡು ವರ್ಷ ಬೇಕು. ಅಲ್ಲಿಯೂ ಉಳಿಯುವವರಿಗಿಂತ ಬಿಡುವವರೇ ಹೆಚ್ಚು.

ಯಾರೂ ಬಾಯಲ್ಲಿ ಹೇಳದ ಎರಡು ಕೆಲಸಗಳ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬಯಸುತ್ತೇನೆ.

ಒಂದು, ಕರಾವಳಿ ಕಾವಲು ಪಡೆಯ ರಕ್ಷಣಾ ಈಜುಗಾರರದು. 1983ರ ಫೆಬ್ರುವರಿಯಲ್ಲಿ ವರ್ಜೀನಿಯಾ ತೀರದಾಚೆ 'ಮರೀನ್ ಎಲೆಕ್ಟ್ರಿಕ್' ಎಂಬ ಕಲ್ಲಿದ್ದಲು ಹಡಗು ಮುಳುಗಿತು. ಹೆಲಿಕಾಪ್ಟರ್ ಬಂದು ಬುಟ್ಟಿ ಇಳಿಸಿತು. ಆದರೆ ಕೊರೆಯುವ ನೀರಿನಲ್ಲಿ ಕೈಕಾಲು ಮರಗಟ್ಟಿದ್ದವರಿಗೆ ಆ ಬುಟ್ಟಿಯನ್ನು ಹಿಡಿಯಲೂ ಆಗಲಿಲ್ಲ. 34 ಮಂದಿಯಲ್ಲಿ 31 ಮಂದಿ ತೀರಿಕೊಂಡರು. ಮೇಲಿನಿಂದ ನೀರಿಗೆ ಜಿಗಿದು ಅವರನ್ನು ಹಿಡಿದು ಬುಟ್ಟಿಗೆ ಹಾಕುವ ಒಬ್ಬ ಮನುಷ್ಯ ಬೇಕು ಎಂಬುದು ಆಗ ಸ್ಪಷ್ಟವಾಯಿತು. ಸಂಸತ್ತಿನ ಆದೇಶದಂತೆ ಈ ಹುದ್ದೆ ಹುಟ್ಟಿದ್ದು ಹಾಗೆ. ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿರುವ ಇದರ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೂರೈಸದೆ ಹಿಂದಿರುಗುವುದುಂಟು. ಸೇವೆಯಲ್ಲಿರುವವರು ಕೆಲವೇ ನೂರು. ಇವರ ಕೆಲಸ ಯುದ್ಧಕ್ಕಾಗಿ ಕಾಯುವುದಿಲ್ಲ. ಬಿರುಗಾಳಿ ಎದ್ದ ಪ್ರತಿ ರಾತ್ರಿಯೂ ಇವರ ಯುದ್ಧವೇ. 2005ರ ಕತ್ರಿನಾ ಚಂಡಮಾರುತದ ವೇಳೆ ಕರಾವಳಿ ಕಾವಲು ಪಡೆ 33,000ಕ್ಕೂ ಹೆಚ್ಚು ಜನರನ್ನು ಕಾಪಾಡಿತು. ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂಬ ಹಸಿವಿರುವ, ಆದರೆ ಬಂದೂಕಿನ ಕಡೆ ಒಲವಿಲ್ಲದ ಎಷ್ಟೋ ಮಕ್ಕಳಿಗೆ ಈ ಬಾಗಿಲು ಇದೆ ಎಂದೇ ತಿಳಿದಿರುವುದಿಲ್ಲ. ನನಗೆ ಇದು ನೋವಿನ ಸಂಗತಿ.

ಇನ್ನೊಂದು, ನೌಕಾಪಡೆಯ ಪರಮಾಣು ವಿಭಾಗದ್ದು. ಅಮೆರಿಕದ ಎಲ್ಲ ಜಲಾಂತರ್ಗಾಮಿಗಳೂ ವಿಮಾನವಾಹಕ ನೌಕೆಗಳೂ ಪರಮಾಣು ಸ್ಥಾವರದಿಂದ ಚಲಿಸುತ್ತವೆ. 1955ರ ಜನವರಿಯಲ್ಲಿ ಮೊದಲ ಪರಮಾಣು ಜಲಾಂತರ್ಗಾಮಿ 'ನಾಟಿಲಸ್' ಹೊರಟಾಗಿನಿಂದ ಆ ಸ್ಥಾವರಗಳನ್ನು ನಡೆಸುವವರಲ್ಲಿ ಇಪ್ಪತ್ತರ ಆಸುಪಾಸಿನ ಎಳೆಯರೇ ಬಹಳ. ಹೈಸ್ಕೂಲು ಮುಗಿಸಿ ಬಂದವರಿಗೆ ಗಣಿತ, ಪರಮಾಣು ಭೌತಶಾಸ್ತ್ರ, ಉಷ್ಣಶಾಸ್ತ್ರ, ಲೋಹವಿಜ್ಞಾನಗಳನ್ನು ತಿಂಗಳುಗಳ ಲೆಕ್ಕದಲ್ಲಿ ಉಣಿಸುತ್ತಾರೆ. ಮೊದಲು ವೃತ್ತಿ ಶಾಲೆ, ಆಮೇಲೆ ದಕ್ಷಿಣ ಕೆರೊಲಿನಾದ ಗೂಸ್ ಕ್ರೀಕ್‌ನಲ್ಲಿ ಆರು ತಿಂಗಳು ಪರಮಾಣು ಶಾಲೆ, ಬಳಿಕ ನಿಜವಾದ ಸ್ಥಾವರದ ಮೇಲೆ ಇನ್ನೂ ಆರು ತಿಂಗಳು. ಪಾಠದ ಟಿಪ್ಪಣಿಗಳು ರಹಸ್ಯ ದಾಖಲೆಗಳು, ಹಾಗಾಗಿ ಪುಸ್ತಕವನ್ನು ಕೋಣೆಗೆ ಒಯ್ಯುವಂತಿಲ್ಲ. ಓದುವುದಿದ್ದರೆ ಅದೇ ಕಟ್ಟಡದಲ್ಲಿ ರಾತ್ರಿಯವರೆಗೆ ಕುಳಿತು ಓದಬೇಕು. ಇಪ್ಪತ್ತು ಪುಲ್‌ಅಪ್ ಹೊಡೆಯುವ ಗಟ್ಟಿಗನಿಗೂ ಇದು ಕಬ್ಬಿಣದ ಕಡಲೆ. ಕರಾರು ಆರು ವರ್ಷದ್ದು. ಇಲ್ಲಿ ಬೆವರು ಕಾಣುವುದಿಲ್ಲ, ಅದಕ್ಕೇ ಕಷ್ಟದ ಪಟ್ಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಆದರೆ ಹೊರಗೆ ಬಂದ ಮೇಲೆ ವಿದ್ಯುತ್ ಕಂಪನಿಗಳು ಬಾಗಿಲಲ್ಲೇ ಕರೆದುಕೊಳ್ಳುವುದು ಇಂಥವರನ್ನು.

ಭಾಷೆ ಕಲಿಯುವುದೂ ಹೀಗೆಯೇ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ರಕ್ಷಣಾ ಭಾಷಾ ಸಂಸ್ಥೆಯಲ್ಲಿ ಅರಬ್ಬಿಯನ್ನೋ ಚೀನೀ ಭಾಷೆಯನ್ನೋ 64 ವಾರ ದಿನವಿಡೀ ಕಲಿಸುತ್ತಾರೆ. ಅಲ್ಲಿ ಸೋಲುವವರೂ ಕಡಿಮೆಯೇನಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೆಚ್ಚಿನವರು ಪೂರೈಸದ ತರಬೇತಿಗೆ ಹೊರಟವರು ತಾನು ಪೂರೈಸದವರ ಗುಂಪಿಗೆ ಸೇರುವ ಸಾಧ್ಯತೆಯನ್ನು ಮೊದಲೇ ಲೆಕ್ಕ ಹಾಕಬೇಕು. 'ಸೋಲಿನ ಯೋಚನೆ ಮಾಡುವವರು ಗೆಲ್ಲುವುದಿಲ್ಲ' ಎಂಬ ಮಾತು ಮೈದಾನದಲ್ಲಿ ಚೆಂದ. ಕರಾರಿನ ಮೇಜಿನ ಮುಂದೆ ಅದನ್ನು ನಂಬುವುದು ಅಪಾಯ, ಏಕೆಂದರೆ ತರಬೇತಿ ಬಿಟ್ಟವರನ್ನು ಮನೆಗೆ ಕಳುಹಿಸುವುದಿಲ್ಲ. ಅವರ ನಾಲ್ಕೋ ಆರೋ ವರ್ಷ ಹಾಗೆಯೇ ಇರುತ್ತದೆ, ಕೆಲಸ ಮಾತ್ರ ಬದಲಾಗುತ್ತದೆ. ಸೇನೆಯವರು ಇದಕ್ಕೆ ಬಳಸುವ ಮಾತು 'ಪಡೆಯ ಅಗತ್ಯಕ್ಕೆ ತಕ್ಕಂತೆ'. ಅಂದರೆ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ.

ಈ ಅಗತ್ಯದ ಮಾತು ಎಲ್ಲ ದಾರಿಗಳಲ್ಲೂ ಒಂದೇ ತೂಕದ್ದಲ್ಲ. ಸೀಲ್ ಕರಾರಿನಲ್ಲಿ ಹೋದವನಿಗೆ ಹಿಂದೆ ಮೊದಲು ಬೇರೊಂದು ನೌಕಾ ವೃತ್ತಿಯ ತರಬೇತಿ ಇರುತ್ತಿತ್ತು; ಸೀಲ್‌ಗಳದ್ದೇ ಪ್ರತ್ಯೇಕ ವೃತ್ತಿ ವರ್ಗವಾದ ಮೇಲೆ ಆ ಆಸರೆ ಹೋಯಿತು. ಗಂಟೆ ಬಾರಿಸಿದವನ ಕೈಯಲ್ಲಿ ಯಾವ ವೃತ್ತಿಯೂ ಇರುವುದಿಲ್ಲ. ನೌಕಾಪಡೆ ಕೊಟ್ಟದ್ದನ್ನು ಅವನು ತೆಗೆದುಕೊಳ್ಳಬೇಕು: ಹಡಗಿನ ಅಟ್ಟಕ್ಕೆ ಬಣ್ಣ ಬಳಿಯುವುದಿರಬಹುದು, ಅಡುಗೆಮನೆ ಇರಬಹುದು. ಪ್ಯಾರಾರೆಸ್ಕ್ಯೂ ಬಿಟ್ಟವನಿಗೂ ವಾಯುಪಡೆ ತನ್ನ ಅಗತ್ಯ ನೋಡಿಯೇ ಬೇರೆ ಕೆಲಸ ಹಂಚುತ್ತದೆ. ರೇಂಜರ್ ಕರಾರು ಬೇರೆ ಬಗೆಯದು. ಅಲ್ಲಿ ಮೊದಲು ಪದಾತಿಯೋ ವೈದ್ಯಕೀಯವೋ ಸಂವಹನವೋ, ಕರಾರಿನಲ್ಲಿ ಬರೆದ ವೃತ್ತಿಯನ್ನು ಕಲಿತು ಮುಗಿಸಿ, ಧುಮುಕುಕೊಡೆಯ ಶಾಲೆ ದಾಟಿ, ಆಮೇಲೆ ಆಯ್ಕೆಗೆ ಹೋಗುತ್ತಾರೆ. ಆಯ್ಕೆಯಲ್ಲಿ ಬಿದ್ದರೂ ಕಲಿತ ವೃತ್ತಿ ಕೈಯಲ್ಲಿರುತ್ತದೆ. ಯಾವ ತುಕಡಿಗೆ ಕಳುಹಿಸುತ್ತಾರೆ ಎಂಬುದಷ್ಟೇ ಸೇನೆಯ ಇಚ್ಛೆ. ಕರಾವಳಿ ಕಾವಲು ಪಡೆಯಲ್ಲಿ ಸಾಮಾನ್ಯವಾಗಿ ಮೊದಲು ಒಂದು ಹಡಗಿನಲ್ಲೋ ಠಾಣೆಯಲ್ಲೋ ಕೆಲಸ ಮಾಡಿ, ಆ ಬದುಕು ಏನೆಂದು ಕಂಡ ಮೇಲೆ ಈಜುಗಾರರ ಶಾಲೆಗೆ ಸರದಿ ಬರುತ್ತದೆ.

ಸೀಲ್ ಆಗಬೇಕೆಂದೇ ಉಸಿರಾಡುವವರನ್ನು ನಾನು ತಡೆಯಲಾರೆ, ತಡೆಯಬಾರದು ಕೂಡ. ಆದರೆ 'ಯಾವುದೋ ಒಂದು ಕಷ್ಟದ ಕೆಲಸ ಬೇಕು' ಎಂದಷ್ಟೇ ಗೊತ್ತಿರುವವರು ಸೋತರೂ ಒಪ್ಪಬಹುದಾದ ಕೆಲಸ ಉಳಿಯುವ ದಾರಿಯನ್ನು ಹಿಡಿಯಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಸರಳ ಪರೀಕ್ಷೆ ಇದೆ. ಸೀಲ್ ಆಗದಿದ್ದರೆ ಕರಾರಿನ ಅವಧಿಯೆಲ್ಲ ಸಾಮಾನ್ಯ ನಾವಿಕನಾಗಿ ಇರಬಲ್ಲೆಯಾ ಎಂದು ಆ ಹುಡುಗನನ್ನು ಕೇಳಿ. ಹೌದು ಎಂದರೆ ಅವನು ನೌಕಾಪಡೆಗೆ ಹೊಂದುತ್ತಾನೆ. ಮುಖ ಬಾಡಿದರೆ ಅವನಿಗೆ ಬೇಕಾದದ್ದು ನೌಕಾಪಡೆಯಲ್ಲ, ಸೀಲ್‌ಗಳ ಎದೆಯ ಮೇಲಿನ ಆ ಒಂದು ಲಾಂಛನ ಮಾತ್ರ.

ಪಡೆಗಳ ಗೋಡೆ ಹೊರಗಿನವರು ತಿಳಿದಷ್ಟು ನೇರವಾಗಿಲ್ಲ ಎಂಬುದಕ್ಕೂ ಒಂದು ಉದಾಹರಣೆ ಹೇಳಬೇಕು. ಮರೀನ್ ಪಡೆಗೆ ತನ್ನದೇ ವೈದ್ಯಕೀಯ ದಳವಿಲ್ಲ. ಗುಂಡಿನ ನಡುವೆ ಮರೀನ್‌ಗಳ ಜೊತೆ ಓಡಿ ಅವರ ಗಾಯ ಕಟ್ಟುವವರು ನೌಕಾಪಡೆಯ 'ಕೋರ್‌ಮನ್'ಗಳು. ನೌಕಾಪಡೆಯ ಯಾವ ವೃತ್ತಿ ವರ್ಗಕ್ಕೂ ಸಿಗದಷ್ಟು 'ಮೆಡಲ್ ಆಫ್ ಆನರ್', ಅಂದರೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ, ಅವರಿಗೆ ಸಂದಿದೆ. ರಣರಂಗದಲ್ಲಿ ಜೀವ ಉಳಿಸಬೇಕೆಂದು ಮರೀನ್ ಪಡೆಯ ಕಚೇರಿಗೆ ಹೋದವರು ತಪ್ಪು ಬಾಗಿಲು ತಟ್ಟಿದಂತೆ.

ಇನ್ನು ಕರಾರಿನ ವಿಷಯ. ಯಾವ ಪಡೆಯೇ ಆಗಲಿ, ಮೊದಲ ಬಾರಿ ಸೇರುವವರ ಒಟ್ಟು ಬಾಧ್ಯತೆ ಎಂಟು ವರ್ಷ. ನಾಲ್ಕು ವರ್ಷ ಸಮವಸ್ತ್ರದಲ್ಲಿ ಕಳೆದರೆ ಉಳಿದ ನಾಲ್ಕು ವರ್ಷ ಮೀಸಲು ಪಟ್ಟಿಯಲ್ಲಿ ಹೆಸರಿರುತ್ತದೆ. ಕರೆ ಬಂದರೆ ಹೋಗಬೇಕು. ನಿಯಮಗಳು ಮುಂದೆ ಬದಲಾಗಬಹುದು, ಬದಲಾದರೆ ಅವು ನನಗೂ ಅನ್ವಯಿಸುತ್ತವೆ ಎಂದು ಅರ್ಜಿದಾರನೇ ಒಪ್ಪಿ ಸಹಿ ಹಾಕುತ್ತಾನೆ. ಇದು ಬರೀ ಕಾಗದದ ಮಾತಲ್ಲ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಅವಧಿ ಮುಗಿದವರನ್ನೂ ತಡೆದು ಉಳಿಸಿಕೊಳ್ಳುವ 'ಸ್ಟಾಪ್ ಲಾಸ್' ಆದೇಶ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಮುಟ್ಟಿತು. 2001ರ ಬೇಸಿಗೆಯಲ್ಲಿ, ಯುದ್ಧದ ಸುಳಿವೇ ಇಲ್ಲದಾಗ ಸಹಿ ಹಾಕಿದ ಮಕ್ಕಳು ಮೂರು ವರ್ಷ ಕಳೆಯುವಷ್ಟರಲ್ಲಿ ಇರಾಕಿನ ಫಲ್ಲೂಜಾ ನಗರದ ಬೀದಿಗಳಲ್ಲಿ ಇರಬಹುದಿತ್ತು. ಹದಿನೆಂಟರಲ್ಲಿ ಪಡೆಯನ್ನು ಆರಿಸಿಕೊಳ್ಳಬಹುದು, ಕೆಲಸವನ್ನೂ ಬಹುಮಟ್ಟಿಗೆ ಆರಿಸಿಕೊಳ್ಳಬಹುದು, ಯುದ್ಧವನ್ನು ಆರಿಸಿಕೊಳ್ಳಲಾಗದು.

ಅದೇ ಕರಾರಿನಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾದ ಇನ್ನೊಂದು ಮಾತಿದೆ. ಈ ಕಾಗದದಲ್ಲೂ ಇದರ ಅನುಬಂಧಗಳಲ್ಲೂ ಇರುವುದನ್ನು ಬಿಟ್ಟು ಬೇರೆ ಯಾರು ಏನೇ ಮಾತು ಕೊಟ್ಟಿದ್ದರೂ ಅದಕ್ಕೆ ಬೆಲೆಯಿಲ್ಲ, ಅದನ್ನು ನಡೆಸಿಕೊಡುವುದಿಲ್ಲ ಎಂಬುದು ಅದರ ಸಾರ. ನೇಮಕಾತಿ ಅಧಿಕಾರಿಗಳಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ. ಆದರೆ ಅವರಿಗೂ ತಿಂಗಳ ಗುರಿ ಇರುತ್ತದೆ. 'ಈಗ ಸೇರು, ಒಳಗೆ ಹೋದ ಮೇಲೆ ಆ ಆಯ್ಕೆಗೆ ಅರ್ಜಿ ಹಾಕಬಹುದು' ಎಂಬ ಮಾತು ಸುಳ್ಳಲ್ಲದಿರಬಹುದು, ಆದರೆ ಕರಾರಿನಲ್ಲಿ ಇಲ್ಲದ ಮೇಲೆ ಅದು ಭರವಸೆಯೂ ಅಲ್ಲ. ಯಾವ ಕೆಲಸ ಎಂದು ಬರೆಯದ ಮುಕ್ತ ಕರಾರಿಗೆ ಸಹಿ ಹಾಕುವ ಉತ್ಸಾಹಿಗಳನ್ನು ನೆನೆದರೆ ಮನಸ್ಸಿಗೆ ಕಳವಳವಾಗುತ್ತದೆ. ಮೂಲ ವೇತನ ಎಲ್ಲ ಪಡೆಗಳಿಗೂ ಒಂದೇ ಪಟ್ಟಿಯ ಪ್ರಕಾರ, ದರ್ಜೆಗೆ ತಕ್ಕಂತೆ. ಸೇವೆಯ ನಂತರ ಸಿಗುವ 36 ತಿಂಗಳ ಶಿಕ್ಷಣ ನೆರವೂ ಎಲ್ಲರಿಗೂ ಒಂದೇ ಕಾನೂನಿನಡಿ. ಹಾಗಿರುವಾಗ ಅರ್ಜಿದಾರನ ಕೈಯಲ್ಲಿ ಚೌಕಾಸಿಗೆ ಇರುವುದು ಮುಖ್ಯವಾಗಿ ಕೆಲಸವೊಂದೇ, ಅದನ್ನೂ ಬಿಟ್ಟುಕೊಡಬಾರದು.

ಕೆಲಸ ಕೇಳಲು ಅಂಕ ಬೇಕು. ಸೇನೆಯ ಪ್ರವೇಶ ಪರೀಕ್ಷೆಯನ್ನು ಬರೀ ಪಾಸಾಗುವುದಕ್ಕೆಂದು ಬರೆಯುವವರು ತಮ್ಮ ಬಾಗಿಲುಗಳನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಭೂಸೇನೆಯ ವಿಶೇಷ ಪಡೆಯ ಕರಾರಿಗೆ ಆ ಪರೀಕ್ಷೆಯ 'ಸಾಮಾನ್ಯ ತಾಂತ್ರಿಕ' ಅಂಕ 110 ಇರಬೇಕು. ಪರಮಾಣು ವಿಭಾಗಕ್ಕೆ ಗಣಿತದಲ್ಲಿ ಇನ್ನೂ ಮೇಲೇರಬೇಕು. ದಿನಕ್ಕೆ ಮೂರು ಗಂಟೆ ವ್ಯಾಯಾಮ ಮಾಡಿ ಒಂದು ಗಂಟೆಯೂ ಬೀಜಗಣಿತ ಮುಟ್ಟದ ಹುಡುಗ ತನ್ನ ತಯಾರಿಯನ್ನು ಅರ್ಧಕ್ಕೇ ನಿಲ್ಲಿಸಿದ್ದಾನೆ. ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ಗ್ರೀನ್ ಕಾರ್ಡ್ ಇದ್ದವರು ಸೇರಬಹುದು, ಆದರೆ ರಹಸ್ಯ ದಾಖಲೆಗಳ ಅನುಮತಿ ಬೇಕಾದ ಸೀಲ್, ಪರಮಾಣು ವಿಭಾಗದಂಥ ಕೆಲಸಗಳು ಪೌರರಿಗೆ ಮಾತ್ರ. ಹೆಣ್ಣುಮಕ್ಕಳಿಗೆ 2016ರಿಂದ ಎಲ್ಲ ಯುದ್ಧ ವೃತ್ತಿಗಳೂ ತೆರೆದಿವೆ.

ದೇಹದ ವಿಷಯದಲ್ಲಿ ಉತ್ಸಾಹಕ್ಕಿಂತ ತಾಳ್ಮೆ ಮುಖ್ಯ. ಸೀಲ್ ಅರ್ಜಿಗೆ ಕನಿಷ್ಠ ಮಟ್ಟ ಇಷ್ಟು: 500 ಗಜ ಈಜು ಹನ್ನೆರಡೂವರೆ ನಿಮಿಷದೊಳಗೆ, ಒಂದೂವರೆ ಮೈಲಿ ಓಟ ಹತ್ತೂವರೆ ನಿಮಿಷದೊಳಗೆ, ಜೊತೆಗೆ 50 ದಂಡ, 10 ಪುಲ್‌ಅಪ್. ಕನಿಷ್ಠದಲ್ಲಿ ಒಳಗೆ ಬಂದವರು ಉಳಿಯುವುದು ವಿರಳ. ಆದರೆ ಆತುರದಲ್ಲಿ ಮೂರು ತಿಂಗಳಲ್ಲಿ ಓಟವನ್ನು ದುಪ್ಪಟ್ಟು ಮಾಡಿಕೊಂಡು ಮೂಳೆಯಲ್ಲಿ ಸೀಳು ತಂದುಕೊಂಡವರೂ ಉಳಿಯುವುದಿಲ್ಲ. ಸ್ನಾಯುವಿಗಿಂತ ಮೂಳೆ ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ವರ್ಷದ ತಯಾರಿ ಹೆಚ್ಚೇನಲ್ಲ. ಕಾಯಿಲೆಯನ್ನು ಮುಚ್ಚಿಡುವ ಚಟ ಮಾತ್ರ ಕೂಡದು. ಹದಿಮೂರು ತುಂಬಿದ ಮೇಲೆ ಬಂದ ಅಸ್ತಮಾ ಅನರ್ಹತೆಯ ಪಟ್ಟಿಯಲ್ಲಿದೆ, ಕೆಲವು ಮಾನಸಿಕ ಔಷಧಗಳ ಇತಿಹಾಸವೂ ಅದರಲ್ಲಿದೆ. ಇವುಗಳಲ್ಲಿ ಎಷ್ಟಕ್ಕೋ ವಿನಾಯಿತಿ ಕೇಳುವ ದಾರಿ ಇದೆ. ಸುಳ್ಳು ಹೇಳಿ ಸೇರುವುದು ಅಪರಾಧ. 2022ರಿಂದ ಅರ್ಜಿದಾರರ ಹಳೆಯ ಔಷಧ ದಾಖಲೆಗಳೂ ಗಣಕದಲ್ಲಿ ತಾವಾಗಿ ತೆರೆದುಕೊಳ್ಳುತ್ತಿವೆ.

2022ರ ಫೆಬ್ರುವರಿಯಲ್ಲಿ 'ನರಕದ ವಾರ'ವನ್ನು ಯಶಸ್ವಿಯಾಗಿ ಮುಗಿಸಿದ ಒಬ್ಬ ತರುಣ ಕೆಲವೇ ಗಂಟೆಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಮರುವರ್ಷ ಹೊರಬಂದ ನೌಕಾಪಡೆಯ ತನಿಖಾ ವರದಿ ವೈದ್ಯಕೀಯ ನಿಗಾ ಮತ್ತು ನಾಯಕತ್ವದ ಲೋಪಗಳನ್ನು ಎತ್ತಿ ಹೇಳಿತು. ಈ ಸಾವನ್ನು ಓದಿದಾಗ ನನಗೆ 1956ರ ಆ ತೊರೆ ನೆನಪಾಯಿತು. ಬಿಡದ ಛಲವನ್ನೇ ದೊಡ್ಡ ಗುಣವೆಂದು ಕಲಿಸುವ ಜಾಗದಲ್ಲಿ 'ನನಗೆ ಉಸಿರಾಡಲು ಆಗುತ್ತಿಲ್ಲ' ಎಂದು ಹೇಳುವುದು ಯಾವಾಗ ಎಂಬುದನ್ನೂ ಕಲಿಸಬೇಕು.

ಛಲದ ಬಗ್ಗೆ ಸಂಶೋಧನೆಯೂ ನಡೆದಿದೆ. ಆಂಜೆಲಾ ಡಕ್ವರ್ತ್ ಮತ್ತು ಸಂಗಡಿಗರು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಹನ್ನೊಂದು ಸಾವಿರಕ್ಕೂ ಹೆಚ್ಚು ಕೆಡೆಟ್‌ಗಳನ್ನು ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಬೇಸಿಗೆಯ ಕಠಿಣ ತರಬೇತಿಯಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನು ಛಲ ಚೆನ್ನಾಗಿ ಸೂಚಿಸಿತು. ತರಗತಿಯ ಅಂಕಗಳನ್ನು ಸೂಚಿಸಿದ್ದು ಬುದ್ಧಿಶಕ್ತಿ. ಅಧಿಕಾರಿಗಳಾಗುವವರ ಮೇಲೆ ನಡೆದ ಅಧ್ಯಯನವನ್ನು ಎಲ್ಲ ಸೈನಿಕರಿಗೂ ಹಾಗೆಯೇ ಅನ್ವಯಿಸಲಾಗದು, ಆದರೂ ಅದರ ತಿರುಳು ಇಲ್ಲಿ ಕೆಲಸಕ್ಕೆ ಬರುತ್ತದೆ. ಬೇರೆ ಬೇರೆ ಕಷ್ಟ ಬೇರೆ ಬೇರೆ ಗುಣವನ್ನು ಕೇಳುತ್ತದೆ. ತಣ್ಣೀರಿನಲ್ಲಿ ಬಿಡದೆ ನಿಲ್ಲುವವನು ಪರಮಾಣು ಶಾಲೆಯಲ್ಲಿ ಸೋಲಬಹುದು, ಅಲ್ಲಿ ಮೊದಲಿಗನಾದವನು ನಿದ್ದೆಯಿಲ್ಲದ ಮೂರನೆಯ ರಾತ್ರಿ ಕುಸಿಯಬಹುದು. ಯಾವ ಬಗೆಯ ದಣಿವು ನನ್ನನ್ನು ಇನ್ನಷ್ಟು ಚುರುಕಾಗಿಸುತ್ತದೆ ಎಂಬುದು ಹೈಸ್ಕೂಲು ಮುಗಿಸುವಷ್ಟರಲ್ಲಿ ಒಬ್ಬರಿಗೆ ಅಲ್ಪಸ್ವಲ್ಪ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಒಂದು ವರ್ಷ ಈಜು ತಂಡದಲ್ಲೋ ಅಗ್ನಿಶಾಮಕ ದಳದ ಸ್ವಯಂಸೇವಕರ ಜೊತೆಗೋ ಕಳೆಯುವುದು ನಷ್ಟವಲ್ಲ.

ಹೆತ್ತವರಿಗೆ ಒಂದು ಮಾತು. ಹದಿನೇಳರ ಮಗ ಅಥವಾ ಮಗಳ ಅರ್ಜಿಗೆ ನಿಮ್ಮ ಸಹಿ ಬೇಕಾದಾಗ ಬರೀ 'ಬೇಡ' ಎಂದು ಕುಳಿತರೆ ಮುಂದಿನ ಹುಟ್ಟುಹಬ್ಬಕ್ಕೆ ಆ ಸಹಿಯ ಅಗತ್ಯವೇ ಇರುವುದಿಲ್ಲ, ಮಾತೂ ನಿಂತಿರುತ್ತದೆ. ಅದರ ಬದಲು ನೇಮಕಾತಿ ಕಚೇರಿಗೆ ಜೊತೆಯಲ್ಲಿ ಹೋಗಿ. ಆ ಕೆಲಸವನ್ನು ಹತ್ತು ವರ್ಷ ಮಾಡಿ ಹೊರಬಂದ ಒಬ್ಬರನ್ನು ಹುಡುಕಿ ಮಾತನಾಡಿಸಿ. ಮೊಣಕಾಲು ಹೇಗಿದೆ, ಕಿವಿ ಹೇಗಿದೆ ಎಂದು ಕೇಳಿ. ಮಾಜಿ ಸೈನಿಕರು ಪರಿಹಾರ ಪಡೆಯುವ ತೊಂದರೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಕಿವಿಯಲ್ಲಿ ನಿಲ್ಲದ ಮೊರೆತ. ಮಂಗಳವಾರದ ಮಧ್ಯಾಹ್ನ ಮೂರು ಗಂಟೆಗೆ ನೀವು ಏನು ಮಾಡುತ್ತಿದ್ದಿರಿ ಎಂದೂ ಅವರನ್ನು ಕೇಳಿ. ಆ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಸಹಿ ಹಾಕಿದ ದಿನವೇ ಎಲ್ಲವೂ ಮುಗಿಯಿತು ಎಂದು ಹೆದರಿಸುವವರೂ ಇದ್ದಾರೆ. ಅದು ನಿಜವಲ್ಲ. ಹೈಸ್ಕೂಲಿನಲ್ಲಿರುವಾಗಲೇ ಸಹಿ ಹಾಕುವ ಮಕ್ಕಳು ಸಾಮಾನ್ಯವಾಗಿ 'ತಡವಾಗಿ ಪ್ರವೇಶ'ದ ಪಟ್ಟಿಯಲ್ಲಿ ಒಂದು ವರ್ಷದವರೆಗೂ ಕಾಯುತ್ತಾರೆ. ಈ ಅವಧಿಯಲ್ಲಿ ಮನಸ್ಸು ಬದಲಾದರೆ ಒಂದು ಪತ್ರ ಬರೆದು ಹೊರಬರಬಹುದು. ಜೈಲೂ ಇಲ್ಲ, ದಂಡವೂ ಇಲ್ಲ. ಮೊದಲ ಪ್ರಮಾಣವಚನದಿಂದ ಸಕ್ರಿಯ ಸೇವೆಗೆ ಸೇರಿದಂತಾಗುವುದಿಲ್ಲ. ತರಬೇತಿಗೆ ಹೊರಡುವ ಬೆಳಗ್ಗೆ ಪ್ರವೇಶ ಕೇಂದ್ರದಲ್ಲಿ ಮತ್ತೊಮ್ಮೆ ಕಾಗದಗಳನ್ನು ಮುಂದಿಡುತ್ತಾರೆ, ಆಮೇಲೆ ಎರಡನೆಯ ಪ್ರಮಾಣವಚನ. ಆ ಮೇಜಿನ ಮುಂದೆ ಅನುಬಂಧದ ಹಾಳೆ ತಿರುಗಿಸಿ ನಾಲ್ಕು ಸಾಲು ಹುಡುಕಬೇಕು: ಕೆಲಸದ ಹೆಸರು ಮತ್ತು ಸಂಕೇತ, ಖಾತರಿಯಾದ ತರಬೇತಿ ಶಾಲೆ, ಸಕ್ರಿಯ ಸೇವೆಯ ವರ್ಷಗಳು, ತರಬೇತಿ ಪೂರೈಸದಿದ್ದರೆ ಏನು ಎಂಬ ಷರತ್ತು. ಹಿಂದೆ ಬಸ್ಸು ಕಾಯುತ್ತಿರುತ್ತದೆ, ಸಾಲಿನಲ್ಲಿ ಇನ್ನೂ ಇಪ್ಪತ್ತು ಮಂದಿ ನಿಂತಿರುತ್ತಾರೆ, ಗುಮಾಸ್ತರಿಗೆ ಅವಸರ ಇರುತ್ತದೆ. ನಾಲ್ಕರಲ್ಲಿ ಒಂದು ಸಾಲು ಮಾತು ಕೊಟ್ಟಂತೆ ಇಲ್ಲದಿದ್ದರೂ ಎರಡನೆಯ ಪ್ರಮಾಣವಚನಕ್ಕೆ ಕೈ ಎತ್ತದೆ ಮನೆಗೆ ಮರಳುವ ಹಕ್ಕು ಆ ಗಳಿಗೆಯವರೆಗೂ ಆ ಹುಡುಗನಿಗೆ, ಆ ಹುಡುಗಿಗೆ ಇದೆ.